ಫ್ಲೆಕ್ಸ್ ಚೂರು, ಮೊರದ ತುಂಬ ಮರಳು: ನನ್ನ ಅನುಭವ

ಮೊನ್ನೆ, ಓದು ಹತ್ತದ ಮಕ್ಕಳಿಗೆ ಅಂತ ನಡೆಸುವ ನಮ್ಮ ಸಂಜೆ ತರಗತಿಯ ಹುಡುಗನೊಬ್ಬ ಹಾಲಿನ ಡೇರಿಯ ಬೋರ್ಡಿನ ಮೇಲಿದ್ದ ‘ಕಾರ್ಯದರ್ಶಿ’ ಅನ್ನೋ ಪದವನ್ನು ತಡವರಿಸದೆ ಓದಿದ. ಒಂದೇ ಪದದಲ್ಲಿ ಎರಡು ಅರ್ಕಾವತ್ತು, ಅಂದರೆ ‘ರ್’ ಗುರುತು! ಎರಡು ವರ್ಷದ ಹಿಂದೆ ‘ಸೂರ್ಯ’ ಬರೆದು ತೋರಿಸಿದರೆ ‘ಸೂಯರ’ ಅನ್ನುತ್ತಿದ್ದವನು ಇವನೇ. ಈಗ ಆರನೇ ಕ್ಲಾಸು. “ಇದೆಲ್ಲ ಆಗೋ ಕೆಲಸ ಅಲ್ಲ ಮೇಡಂ” ಅಂದವರೂ ಓದಲಿ ಅಂತಲೇ ಬರೆಯುತ್ತಿದ್ದೇನೆ.

ನಮ್ಮದು ತುಮಕೂರು ಜಿಲ್ಲೆಯ ಒಂದು ಹಳ್ಳಿ. ಡೇರಿಯ ಹಿಂದಿನ ರೂಮು, ವಾರಕ್ಕೆ ನಾಲ್ಕು ಸಂಜೆ. ನಾನು, ಜೊತೆಗೆ ಪಿಯುಸಿ ಓದುವ ಇಬ್ಬರು ಹುಡುಗಿಯರು. ಹಳೇ ಸಹಪಾಠಿಗಳು ಆರು ಜನ ತಿಂಗಳಿಗೆ ತಲಾ 500 ಹಾಕುತ್ತೇವೆ. ಒಬ್ಬನಂತೂ ನಾಲ್ಕು ತಿಂಗಳಿಂದ ಕೊಟ್ಟಿಲ್ಲ. ಇರಲಿ.

ಮೊದಲ ವರ್ಷ ಪೂರ್ತಿ ದಂಡ. ಶಾಲೆಯಲ್ಲಿ ಮಾಡಿಸಿದ್ದನ್ನೇ ನಾನೂ ಮಾಡಿಸಿದೆ. ಕಾಪಿ ಬರಿ, ಹತ್ತು ಸಲ ಬರಿ, ಕಾಗುಣಿತ ಒಪ್ಪಿಸು. ಹದಿನಾಲ್ಕು ಮಕ್ಕಳಲ್ಲಿ ಐದು ಮಕ್ಕಳು ಉಳಿದರು. ಬಾಯಲ್ಲಿ ‘ಕ ಗುಡಿಸು ಕಿ, ಕ ಕೊಂಬು ಕು’ ಹಾಡಿನ ಹಾಗೆ ಬರುತ್ತಿತ್ತು. ‘ಕು’ ಒಂದನ್ನೇ ಬರೆದು ತೋರಿಸಿದರೆ ಮುಖ ನೋಡುತ್ತಿದ್ದರು. ಆಮೇಲೆ ಒಬ್ಬ ದಾನಿ ಎರಡು ಟ್ಯಾಬ್ ಕೊಟ್ಟರು. ಮಕ್ಕಳು ಚಿತ್ರ ನೋಡಿ ಊಹೆ ಮಾಡಿ ಒತ್ತುತ್ತಿದ್ದರು. ಅಂಕ ಬರುತ್ತಿತ್ತು, ಓದು ಬರುತ್ತಿರಲಿಲ್ಲ. ಒಂದರ ಗಾಜು ಒಡೆದು ರಿಪೇರಿಗೆ ಸುಮಾರು 3,800 ಹೋಯಿತು. ಇನ್ನೊಂದು ಈಗಲೂ ಬೀರುವಿನಲ್ಲಿದೆ.

ಇನ್ನೊಂದು ತಪ್ಪು ಹೇಳಿಕೊಳ್ಳಲು ನಾಚಿಕೆ. ಇಬ್ಬರು ಮಕ್ಕಳಿಗೆ ಬೇಕಿದ್ದದ್ದು ಬರೀ ಕನ್ನಡಕ. ಅದು ಗೊತ್ತಾಗಲು ನನಗೆ ಎಂಟು ತಿಂಗಳು ಹಿಡಿಯಿತು. ಈಗ ಯಾರೇ ಬಂದರೂ ಮೊದಲು ಕಣ್ಣು, ಕಿವಿ.

ಮರಳಿನ ಯೋಚನೆ ನಮ್ಮಜ್ಜನಿಂದ ಬಂದದ್ದು. ಅವರು ಕೂಲಿಮಠದಲ್ಲಿ, ಅಂದರೆ ಹಳೇ ಕಾಲದ ಊರ ಶಾಲೆಯಲ್ಲಿ, ಮರಳ ಮೇಲೆ ತಿದ್ದಿ ಕಲಿತವರು. ನಾನು ಜಾಣತನ ಮಾಡಿ ಮರಳಿನ ಬದಲು ರಾಗಿ ತಂದೆ. ವಾರದೊಳಗೆ ಇಲಿ. ಮೇಲಿಂದ ಒಬ್ಬ ಹುಡುಗಿಯ ಅಜ್ಜಿ ಬಂದು, “ತಿನ್ನೋ ಕಾಳನ್ನ ಕಾಲಡಿ ಚೆಲ್ಲಿಸ್ತೀರಲ್ಲ, ನಿಮಗೆ ಒಳ್ಳೇದಾಗುತ್ತಾ?” ಅಂತ ಬೈದು ಹೋದರು. ಸರಿ, ಮನೆ ಕಟ್ಟುತ್ತಿದ್ದವರ ಹತ್ತಿರ ಎರಡು ಬಾಂಡ್ಲಿ ಮರಳು ಕೇಳಿ ತಂದು, ಜರಡಿ ಹಿಡಿದು, ಮೊರಕ್ಕೆ ಹಾಕಿದೆ. ಬೆರಳಲ್ಲಿ ಬರೆಯಬೇಕು, ಬರೆಯುವಾಗಲೇ ಬಾಯಿಬಿಟ್ಟು ಹೇಳಬೇಕು. ತಪ್ಪಾದರೆ ಮೊರ ಒಮ್ಮೆ ಅಲ್ಲಾಡಿಸಿದರೆ ಆಯಿತು. ಕೆಂಪು ಇಂಕಿನ ಗುರುತಿಲ್ಲ, ಹೊಡೆತ ಇಲ್ಲ.

ಅಕ್ಷರಕ್ಕೆ ಸರ್ಕಾರಿ ಶಾಲೆಯ ನಲಿಕಲಿ ಪದ್ಧತಿಯ ರ, ಗ, ಸ, ದ, ಅ ಕ್ರಮವನ್ನೇ ಇಟ್ಟುಕೊಂಡೆ. ಐದಕ್ಕೇ ಸರ, ಅರಸ, ಗರಗಸ ಓದಬಹುದಲ್ಲ. ಆದರೆ ಬ-ಭ, ದ-ಧ ಜೋಡಿಗಳನ್ನು ಒಂದೇ ವಾರದಲ್ಲಿ ಕೊಡಲಿಲ್ಲ. ಯಾವುದಾದ ಮೇಲೆ ಯಾವುದು, ನಡುವೆ ಎಷ್ಟು ದಿನ ಅನ್ನೋ ಪಟ್ಟಿ ನನ್ನ ಹತ್ತಿರ ಇದೆ. ಇಲ್ಲಿ ಹಾಕಲ್ಲ. ಬಂದು ಒಂದು ವಾರ ಕೂತವರಿಗೆ ಕೊಡುತ್ತೇನೆ.

ನಿಜವಾದ ಗೋಡೆ ಒತ್ತಕ್ಷರ. ಅಕ್ಕ, ಅಮ್ಮ ಹೇಗೋ ದಾಟುತ್ತವೆ. ‘ಪುಸ್ತಕ’ ಬಂದರೆ ‘ಪುತಸಕ’ ಆಗುತ್ತದೆ. ಅರ್ಕಾವತ್ತು ಎಲ್ಲಕ್ಕಿಂತ ಕಷ್ಟ. ಕಣ್ಣಿಗೆ ಆಮೇಲೆ ಕಾಣುತ್ತದೆ, ಬಾಯಿಗೆ ಮೊದಲು ಬರಬೇಕು. ಇದಕ್ಕೆ ಹಳೇ ಫ್ಲೆಕ್ಸ್ ಬಳಸಿದೆ. ಹುಟ್ಟುಹಬ್ಬದ ಶುಭಾಶಯ, ಚುನಾವಣೆ, ಏನಾದರೂ ಸರಿ, ಪುಕ್ಕಟೆ ಸಿಗುತ್ತದೆ. ಎರಡು ಚೂರು ಬೆನ್ನು ಹೊರಗೆ ಮಾಡಿ ಅಂಟಿಸಿ, ಅಕ್ಷರ ಬರೆಯೋ ಬಿಲ್ಲೆ ಮಾಡಬೇಕು. ನಾಯಕರ ಮುಖ ಒಳಗೆ, ಬಿಳಿ ಹೊರಗೆ! ಫೆವಿಕಾಲ್ ಹಿಡಿಯಲಿಲ್ಲ, ಪಂಕ್ಚರ್ ಅಂಗಡಿಯ ಸಲ್ಯೂಷನ್ ಹಿಡಿಯಿತು. ಸ್ಕೆಚ್ ಪೆನ್ ಒಂದೇ ದಿನದಲ್ಲಿ ಅಳಿಸಿಹೋಯಿತು, ಪರ್ಮನೆಂಟ್ ಮಾರ್ಕರೇ ಬೇಕು.

ಅರ್ಕಾವತ್ತಿನ ಬಿಲ್ಲೆಯ ಒಂದು ಮಗ್ಗುಲಲ್ಲಿ ಅರ್ಕ, ಇನ್ನೊಂದರಲ್ಲಿ ‘ರ್’. ಮಗು ‘ಸೂ’, ‘ಯ’, ಅರ್ಕ, ಮೂರನ್ನೂ ಸಾಲಾಗಿ ಜೋಡಿಸುತ್ತದೆ. ಆಮೇಲೆ ಅರ್ಕದ ಬಿಲ್ಲೆ ಎತ್ತಿ, ತಿರುಗಿಸಿ, ‘ಯ’ದ ಮುಂಚೆ ಇಡುತ್ತದೆ. ಸೂ, ರ್, ಯ. “ಇವನು ಹಿಂದಿನ ಬಾಗಿಲಲ್ಲಿ ಹತ್ತಿ ಮುಂದಿನ ಸೀಟಲ್ಲಿ ಕೂರೋನು” ಅಂತ ಹೇಳಿಕೊಟ್ಟೆ. ಅದು ನಾಟಿತು. ಮೂರು ವಾರ ಕೈಯಲ್ಲಿ ಎತ್ತಿಟ್ಟರು, ಆಮೇಲೆ ಕಣ್ಣಲ್ಲೇ ಎತ್ತಿಡಲು ಶುರುಮಾಡಿದರು. ನಮ್ಮ ಕಮಿಟಿಯ ನಿವೃತ್ತ ಮೇಷ್ಟ್ರು “ಇದು ಆಟ, ಪಾಠ ಅಲ್ಲ” ಅಂದಿದ್ದರು. ಈಗ ಅವರೇ ಬಿಲ್ಲೆ ಕತ್ತರಿಸಿ ಕೊಡುತ್ತಾರೆ.

ನಡುವೆ ಬಣ್ಣದ ಪ್ಲಾಸ್ಟಿಕ್ ಹಾಳೆಯ ಪ್ರಯೋಗವೂ ಆಯಿತು. ಪುಟದ ಮೇಲಿಟ್ಟರೆ ಅಕ್ಷರ ಕುಣಿಯೋದು ನಿಲ್ಲುತ್ತದೆ ಅಂತ ಯಾರೋ ಹೇಳಿದ್ದರು. 700-800 ರೂಪಾಯಿ ಹೋಯಿತು, ನಮ್ಮ ಮಕ್ಕಳಲ್ಲಿ ಏನೂ ಬದಲಾಗಲಿಲ್ಲ. ಹಾಳೆಗಳು ಗಣೇಶನ ಮಂಟಪಕ್ಕೆ ಹೋದವು. ಬಸ್ಸಿನ ಬೋರ್ಡು ಓದಿಸಿದ್ದು ಮಾತ್ರ ಚೆನ್ನಾಗಿ ಕೆಲಸ ಮಾಡಿತು. ಬಸ್ಸು ನಿಲ್ಲೋದೇ ಒಂದು ನಿಮಿಷ, ಓದಲೇಬೇಕು!

ಬಿಲ್ಲೆ, ಮಾರ್ಕರ್, ಕನ್ನಡಕ, ಬಸ್ ಚಾರ್ಜು ಎಲ್ಲ ಸೇರಿ ಎರಡನೇ ವರ್ಷ ಹತ್ತಿರ ಹತ್ತಿರ 11 ಸಾವಿರ. ಪಿಯುಸಿ ಹುಡುಗಿಯರಿಗೆ ಕೊಡೋ ತಿಂಗಳ ದುಡ್ಡು ಬೇರೆ. ಈಗ ಹನ್ನೆರಡು ಮಕ್ಕಳಿದ್ದಾರೆ. ಎಂಟು ಮಕ್ಕಳು ಎರಡನೇ ಕ್ಲಾಸಿನ ಪಾಠ ಸರಾಗ ಓದುತ್ತಾರೆ. ಮೂವರು ಎಳೆದಾಡುತ್ತಿದ್ದಾರೆ. ಒಬ್ಬನಿಗೆ ನನ್ನ ಯಾವ ಉಪಾಯವೂ ಹತ್ತಿಲ್ಲ.

ಕಲಿಕೆಯ ತೊಂದರೆ ಇದೆಯಾ ಅಂತ ತೋರಿಸಲು ಅವನನ್ನು ಬೆಂಗಳೂರಿನ ಮಾನಸಿಕ ಆರೋಗ್ಯ ಆಸ್ಪತ್ರೆ ನಿಮ್ಹಾನ್ಸ್‌ಗೆ ಕರೆದುಕೊಂಡು ಹೋಗೋಣ ಅಂದರೆ ಅವರಪ್ಪ, “ನಮ್ಮ ಹುಡುಗನಿಗೇನು ಹುಚ್ಚಾ ಅಕ್ಕಾ?” ಅಂತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಕಲಿಕೆಯ ತೊಂದರೆಯೂ ಸೇರಿದೆ, ಸರ್ಟಿಫಿಕೇಟ್ ಇದ್ದರೆ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚು ಸಮಯ ಸಿಗುತ್ತೆ ಅಂತ ಮೂರು ಸಲ ಹೇಳಿದ್ದೇನೆ. ಕಡಲೆಕಾಯಿ ಕಿತ್ತ ಮೇಲೆ ನೋಡೋಣ ಅಂದಿದ್ದಾರೆ. ಹೋಗಿಬರುವ ಖರ್ಚಿಗೆ 2,000 ಎತ್ತಿಟ್ಟಿದ್ದೇನೆ.