ಹತ್ತು ರೂಪಾಯಿ ಅರ್ಜಿಗಿ ಬೋರಿನ ಮೋಟರ್ ಬಂತು

ನಮ್ಮೂರು ಆಳಂದ ಕಡೀದು, ಹೆಸರು ಬ್ಯಾಡ ಬಿಡ್ರಿ. ನಮ್ ಓಣಿ ಬೋರಿನ ಮೋಟರ್ ಸುಟ್ಟು ನಾಕ್ ತಿಂಗ್ಳಾಗಿತ್ತು, ಪಂಚಾಯ್ತಿಗಿ ಹೋಗಿ ಕೇಳಿದ್ರ ರಿಪೇರಿ ಆಗ್ಯಾದಲ್ಲ ಅಂತಾರ! ಫೋನ್‌ನಾಗ ಪಂಚಾಯ್ತಿ ಖರ್ಚು ತೋರ್ಸೋ ಸರ್ಕಾರಿ ಆ್ಯಪ್ ಇ-ಗ್ರಾಮ್‌ಸ್ವರಾಜ್ ತೆಗೆದು ನೋಡಿದ್ರ ಕುಡಿಯೋ ನೀರಿನ ರಿಪೇರಿಗಿ ರೊಕ್ಕ ಹೋಗಿದ್ದು ಕಾಣ್ತದ, ಆದ್ರ ಯಾವ ಬೋರ್ ಅಂತ ಇಲ್ಲ.

ಆರ್‌ಟಿಐ, ಅಂದ್ರ ಮಾಹಿತಿ ಹಕ್ಕಿನ ಅರ್ಜಿ ಹಾಕ್ದೆ. ಮೊದಲ್ನೇ ಸಲ ನಂದೇ ತಪ್ಪು, ‘ನೀರು ಯಾಕ ಬರವಲ್ದು’ ಅಂತ ಬರ್ದಿದ್ದೆ, ಇದು ಮಾಹಿತಿ ಅಲ್ಲ ಅಂತ ವಾಪಸ್ ಬಂತು. 2005ರ ಕಾಯ್ದೆದಾಗ ಯಾಕ ಅಂತ ಕೇಳಿದ್ರ ನಡ್ಯಂಗಿಲ್ಲ, ಕಾಗದ ಕೇಳ್ಬೇಕು ನೋಡ್ರಿ. ಎರಡ್ನೇ ಸಲ ಬಿಲ್, ವೋಚರ್, ಎಂ.ಬಿ. (ಕೆಲಸದ ಅಳತಿ ಬರ್ಯೋ) ಪುಸ್ತಕದ ನಕಲು ಕೊಡ್ರಿ ಅಂತಷ್ಟೇ ಬರ್ದು (ನಮ್ ರಾಜ್ಯದಾಗ ಒಂದು ಅರ್ಜಿಗಿ ಒಂದೇ ವಿಷಯ, 150 ಪದದೊಳಗ) 10 ರೂಪಾಯಿ ಪೋಸ್ಟಲ್ ಆರ್ಡರ್ ಹಚ್ಚಿ ಕೊಟ್ಟು ಸ್ವೀಕೃತಿ ಸೀಲ್ ಹಾಕಿಸ್ಕೊಂಡೆ. ಸೀಲ್ ಇಲ್ದ ಬರಬ್ಯಾಡ್ರಿ. 30 ದಿನದ ಗಡುವು, 27ನೇ ದಿನಕ್ಕ ಸಿಕ್ತು. ಬಿಲ್ ಬ್ಯಾರೆ ಓಣಿ ಬೋರಿಂದು!

ಗ್ರಾಮಸಭಾದಾಗ ಜಗಳ ಮಾಡ್ಲಿಲ್ಲ, ಬಿಲ್ ಓದಿ ಹೇಳಿ, ಇದನ್ನ ನಡಾವಳಿ ಪುಸ್ತಕದಾಗ ಬರೀರಿ ಅಂತ ನಿಂತ್ಬಿಟ್ಟೆ, ಹಿಂದ ಓಣಿ ಹೆಣ್ಮಕ್ಳು ಖಾಲಿ ಕೊಡ ಹಿಡ್ಕೊಂಡೇ ಬಂದಿದ್ರು. ಹತ್ತು ದಿನಕ್ಕ ಮೋಟರ್ ಕುಂತದ. ಈಗ ವೋಲ್ಟೇಜ್ ಸಾಲವಲ್ದು, ಅದು ಬ್ಯಾರೆ ಕಥಿ.