ಲಿವರ್ ಡ್ರ್ಯಾಗ್ ರೀಲ್ ತಡೆತಡೆದು ಲೈನ್ ಬಿಡ್ತಿತ್ತು, ಹೀಗೆ ಸರಿಹೋಯ್ತು

ಕಾರವಾರದ ಬೈತಖೋಲದಿಂದ ದೋಣಿಯಲ್ಲಿ ಇಸವಾಣ ಮೀನಿಗೆ ಟ್ರೋಲಿಂಗ್ (ಓಡೋ ದೋಣಿಯ ಹಿಂದೆ ಗಾಳ ಎಳೆಯೋದು) ಹೋದಾಗಲೆಲ್ಲ ನನ್ನ ಲಿವರ್ ಡ್ರ್ಯಾಗ್ ರೀಲಿನದು ಒಂದೇ ಕಿರಿಕಿರಿ. ಡ್ರ್ಯಾಗ್ ಅಂದ್ರೆ ಗಾಳದ ಲೈನ್ ಸುತ್ತೋ ರೀಲಿನ ಬ್ರೇಕ್, ಇದರಲ್ಲಿ ಅದನ್ನು ಲಿವರಿನಿಂದ ಬಿಗಿ-ಸಡಿಲ ಮಾಡ್ತೇವೆ. ಮೀನು ಎಳೆದರೆ ಲೈನ್ ಒಂದೇ ಸಮ ಹೋಗದೆ ತಡೆತಡೆದು ಬಿಡೋದು. ಇಸವಾಣದ ಮೊದಲ ಓಟದಲ್ಲಿ ಹೀಗಾದ್ರೆ ಲೈನ್ ಕಡಿದ ಹಾಗೇ ಲೆಕ್ಕ.

ಬಿಚ್ಚಿ ನೋಡಿದೆ. ಕಾರ್ಬನ್ ವಾಷರ್ ಮೇಲಿನ ಹಳೇ ಗ್ರೀಸ್ ಉಪ್ಪಿನ ಜೊತೆ ಸೇರಿ ಕಪ್ಪು ಅಂಟಾಗಿತ್ತು. ಎದುರಿನ ಲೋಹದ ತಟ್ಟೆ ಮೇಲೂ ಅದೇ ಕಲೆ. ಎರಡನ್ನೂ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿ, ಪೂರ್ತಿ ಒಣಗಿಸಿ, ಡ್ರ್ಯಾಗ್ ಗ್ರೀಸನ್ನು ತೆಳ್ಳಗೆ ಸವರಿದೆ. ಬೈಕಿನ ಗ್ರೀಸ್ ಬೇಡವೇ ಬೇಡ. (ಕೆಲವು ರೀಲುಗಳ ಡ್ರ್ಯಾಗ್‌ಗೆ ಗ್ರೀಸೇ ಸಲ್ಲದು, ಕೈಪಿಡಿ ನೋಡಿಕೊಳ್ಳಿ.) ಒಳಗೆ ಬಟ್ಟಲಿನಂತೆ ಬಾಗಿದ ಸಣ್ಣ ಸ್ಪ್ರಿಂಗ್ ವಾಷರ್‌ಗಳಿರ್ತವೆ. ಯಾವುದರ ಮುಖ ಯಾವ ಕಡೆ ಅಂತ ತೆಗೆಯೋ ಮೊದಲೇ ಮೊಬೈಲಲ್ಲಿ ಫೋಟೊ ಹೊಡ್ಕೊಳ್ಳಿ. ತಿರುಗಿಸಿ ಹಾಕಿದರೆ ಲಿವರಿನ ಹಿಡಿತವೇ ಬದಲಾಗುತ್ತೆ.

ಜೋಡಿಸಿದ ಮೇಲೆ ಲಿವರ್ ಸ್ಟ್ರೈಕ್‌ಗೆ (ಮೀನು ಕಚ್ಚಿದಾಗ ಬೇಕಾದ ಬಿಗಿಯ ಗುರುತು) ತಂದು, ಲೈನಿಗೆ ಸ್ಪ್ರಿಂಗ್ ತಕ್ಕಡಿ ಕಟ್ಟಿ ಎಳೆದೆ. 15 ಕಿಲೋ ತಡೆಯೋ ಲೈನಿಗೆ 4-5 ಕಿಲೋ ಹಿಡಿತ ಸಾಕು. ಈ ಹಿಡಿತ ಹೆಚ್ಚು-ಕಡಿಮೆ ಮಾಡೋ ಪ್ರಿಸೆಟ್ ಗುಂಡಿ ತಿರುಗಿಸೋದಾದರೆ ಲಿವರ್ ಫ್ರೀಯಲ್ಲಿ (ಪೂರ್ತಿ ಸಡಿಲ) ಇರಬೇಕು.

ಈಗ ತೊಳೆಯುವಾಗ ಲಿವರ್ ಮುಂದೆ ತಳ್ಳಿ, ಸಿಹಿನೀರನ್ನು ಮೆಲ್ಲಗೆ ಹಾಯಿಸ್ತೇನೆ. ಪೈಪಿನ ಜೋರು ನೀರು ಉಪ್ಪನ್ನು ಒಳಕ್ಕೇ ನುಗ್ಗಿಸುತ್ತೆ. ಒರೆಸಿ ಎತ್ತಿಡುವಾಗ ಲಿವರ್ ಮತ್ತೆ ಫ್ರೀಗೆ.