ತರಗತಿಯಲ್ಲಿ ಧ್ವನಿಮುದ್ರಿತ ಸಂಗೀತ: ಅಧ್ಯಾಪಕರು ಹಕ್ಕುಸ್ವಾಮ್ಯದ ಎಲ್ಲೆಯನ್ನು ಗುರುತಿಸುವ ಬಗೆ

ಬೇಂದ್ರೆಯವರ ಭಾವಗೀತೆಯೊಂದರ ಧ್ವನಿಮುದ್ರಿಕೆಯನ್ನು ಪಾಠಕ್ಕೆ ಆರಿಸಿಕೊಂಡಾಗ, ಅದರಲ್ಲಿ ಯಾರ ಯಾರ ಹಕ್ಕುಗಳಿವೆ ಎಂಬುದನ್ನು ಮೊದಲು ಬಿಡಿಸಿ ನೋಡಿಕೊಳ್ಳಬೇಕು. ಸಾಹಿತ್ಯದ ಹಕ್ಕು ಕವಿಯ ಜೀವಿತಕಾಲದ ನಂತರವೂ 60 ವರ್ಷ ಉಳಿಯುತ್ತದೆ. ಬೇಂದ್ರೆಯವರು 1981ರಲ್ಲಿ ತೀರಿಕೊಂಡದ್ದರಿಂದ, ಅವರು ಬದುಕಿದ್ದಾಗ ಪ್ರಕಟವಾದ ಕವಿತೆಗಳ ಹಕ್ಕು 2041ರ ಕೊನೆಯವರೆಗೆ ಇರುತ್ತದೆ. ರಾಗ ಸಂಯೋಜಕರ ಹಕ್ಕಿಗೂ ಇದೇ ಲೆಕ್ಕ. ಧ್ವನಿಮುದ್ರಿಕೆಯ ಹಕ್ಕು ಬೇರೆಯದು: ಅದು ಬಿಡುಗಡೆಯಾದ ಮರುವರ್ಷದಿಂದ 60 ವರ್ಷ. ಆದ್ದರಿಂದ ಹಿಂದೂಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನರ 1930ರ ದಶಕದ ಗ್ರಾಮಫೋನ್ ತಟ್ಟೆಗಳ ಮುದ್ರಿಕೆ ಈಗ ಮುಕ್ತವಾಗಿದೆ. ಪುರಂದರದಾಸರ ಪದವನ್ನು 1985ರಲ್ಲಿ ಹಾಡಿ ಹೊರತಂದ ಕ್ಯಾಸೆಟ್ಟಿನ ಹಕ್ಕು, ಪದ ಎಷ್ಟೇ ಹಳೆಯದಾಗಿದ್ದರೂ, ಇನ್ನೂ ಮುಗಿದಿಲ್ಲ.

ಹಕ್ಕು ಉಳಿದಿದೆ ಎಂದು ಹೆದರಿ ಹಾಡನ್ನೇ ಕೇಳಿಸದೆ ಸಂಗೀತ ಪಾಠ ಮಾಡುವ ಅಗತ್ಯವಿಲ್ಲ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಮು ಶಿಕ್ಷಣಕ್ಕೆ ಉದಾರವಾಗಿಯೇ ಜಾಗ ಕೊಟ್ಟಿದೆ. ಅಧ್ಯಾಪಕರು, ವಿದ್ಯಾರ್ಥಿಗಳು, ಅವರ ಪೋಷಕರು ಮತ್ತು ಸಂಸ್ಥೆಯ ಚಟುವಟಿಕೆಗಳಿಗೆ ಸಂಬಂಧಪಟ್ಟವರು ಮಾತ್ರ ಕೇಳುಗರಾಗಿದ್ದರೆ, ಸಂಸ್ಥೆಯ ಚಟುವಟಿಕೆಯ ಭಾಗವಾಗಿ ಧ್ವನಿಮುದ್ರಿಕೆಯನ್ನು ಅನುಮತಿಯಿಲ್ಲದೆ ಕೇಳಿಸಬಹುದು. ಬೋಧನೆಯ ಅವಧಿಯಲ್ಲಿ ಅಧ್ಯಾಪಕರಾಗಲಿ ವಿದ್ಯಾರ್ಥಿಗಳಾಗಲಿ ಕೃತಿಯ ಪ್ರತಿ ಮಾಡಿಕೊಳ್ಳುವುದಕ್ಕೂ ಅವಕಾಶವಿದೆ. ಪುಸ್ತಕದ ಭಾಗಗಳನ್ನು ನಕಲು ಮಾಡಿ ವಿದ್ಯಾರ್ಥಿಗಳಿಗೆ ಕೊಡುವುದರ ವಿರುದ್ಧ ಪ್ರಕಾಶಕರು ಹೂಡಿದ ದೆಹಲಿ ವಿಶ್ವವಿದ್ಯಾಲಯದ ಫೋಟೋಕಾಪಿ ಪ್ರಕರಣದಲ್ಲಿ, 2016ರಲ್ಲಿ, ದೆಹಲಿ ಹೈಕೋರ್ಟ್ ಈ ಬೋಧನೆಯ ವ್ಯಾಪ್ತಿಯನ್ನು ತರಗತಿಯ ನಾಲ್ಕು ಗೋಡೆಗಳಿಗೆ ಸೀಮಿತಗೊಳಿಸಲಿಲ್ಲ. ಅದು ಪುಸ್ತಕಗಳ ಪ್ರಕರಣವಾದರೂ ಅದರ ತರ್ಕ ನಮಗೆ ಮುಖ್ಯ: ಆ ಪಾಠಕ್ಕೆ ಎಷ್ಟು ಬೇಕೋ ಅಷ್ಟನ್ನೇ ತೆಗೆದುಕೊಳ್ಳಬೇಕು. ಮೂವತ್ತು ಸೆಕೆಂಡಿನವರೆಗೆ ಯಾರು ಬೇಕಾದರೂ ಬಳಸಬಹುದೆಂಬ ಮಾತು ಸ್ಟಾಫ್ ರೂಮುಗಳಲ್ಲಿ ಓಡಾಡುತ್ತದೆ. ಕಾಯ್ದೆಯಲ್ಲಿ ಅಂಥ ನಿಯಮವೇ ಇಲ್ಲ. ಆಲಾಪದ ವಿಸ್ತಾರವನ್ನು ವಿವರಿಸಲು ಎಂಟು ನಿಮಿಷ ಬೇಕಿದ್ದರೆ ಎಂಟು ನಿಮಿಷವನ್ನೇ ಕೇಳಿಸಿ, ಇಡೀ ಆಲ್ಬಮ್ಮನ್ನು ಹಂಚಬೇಡಿ.

ತೊಡಕು ಹುಟ್ಟುವುದು ಧ್ವನಿಮುದ್ರಿಕೆಯ ಕಡತ ಕಾಲೇಜಿನಿಂದ ಹೊರಗೆ ಹೋದಾಗ. ಆನ್‌ಲೈನ್ ಪಾಠವಾದರೆ ಆ ವಿಷಯದ ತರಗತಿಗೆ ದಾಖಲಾದವರಷ್ಟೇ ಪಾಸ್‌ವರ್ಡ್ ಮೂಲಕ ತೆರೆಯುವಂತೆ ಇಡಿ ಮತ್ತು ಸೆಮಿಸ್ಟರ್ ಮುಗಿದ ಮೇಲೆ ತೆಗೆದುಹಾಕಿ. ಅದೇ ಉಪನ್ಯಾಸವನ್ನು ಯೂಟ್ಯೂಬಿನಲ್ಲಿ ಎಲ್ಲರಿಗೂ ತೆರೆದಿಟ್ಟರೆ ಮೇಲಿನ ರಿಯಾಯಿತಿಯನ್ನು ನೆಚ್ಚಿಕೊಳ್ಳಲಾಗದು. ವಿಮರ್ಶೆಗೆಂದು ನ್ಯಾಯಯುತ ಬಳಕೆಯ ಅವಕಾಶ ಅಲ್ಲಿಯೂ ಉಂಟು, ಆದರೆ ಕೇಳಿಸಿದ ತುಣುಕಿನ ಮೇಲೆ ನಿಮ್ಮ ವಿಶ್ಲೇಷಣೆ ನಿಜವಾಗಿಯೂ ನಡೆದಿರಬೇಕು. ಹಿನ್ನೆಲೆಯಲ್ಲಿ ಸುಮ್ಮನೆ ಹಾಡು ಹರಿಯುತ್ತಿದ್ದರೆ ಅದು ವಿಮರ್ಶೆಯಾಗುವುದಿಲ್ಲ. ಟಿಕೆಟ್ ಇಟ್ಟು ಹೊರಗಿನವರನ್ನು ಕರೆಯುವ ಕಾಲೇಜು ಉತ್ಸವಕ್ಕೆ ಪರವಾನಗಿ ಪಡೆಯಲೇಬೇಕು.

ಅನುಮತಿ ಕೇಳುವಾಗ ಧ್ವನಿಮುದ್ರಿಕೆಯ ಹೆಸರು, ಬಿಡುಗಡೆಯ ವರ್ಷ, ಬೇಕಾದ ತುಣುಕಿನ ಅವಧಿ, ಅದನ್ನು ಎಲ್ಲಿ, ಎಷ್ಟು ಕಾಲ ಇಡುತ್ತೀರಿ ಎಂಬುದನ್ನು ಬರೆದು, ಮುದ್ರಿಕೆಯ ಕಂಪನಿಗೂ ಸಾಹಿತ್ಯ ಮತ್ತು ಸಂಯೋಜನೆಯ ಹಕ್ಕುದಾರರಿಗೂ ಪ್ರತ್ಯೇಕವಾಗಿ ಕಳುಹಿಸಿ. ಒಬ್ಬರ ಒಪ್ಪಿಗೆ ಇನ್ನೊಬ್ಬರ ಒಪ್ಪಿಗೆಯಾಗುವುದಿಲ್ಲ.